ಯುರೋಪಿನಲ್ಲಿ ಸಾರು ಸಪ್ಪೆ

ಮಲೆನಾಡಿನ ಜಯಪುರ ಸೀಮೆಯಲ್ಲಿ ಯಾರಾದರೂ ಫಾರಿನ್ ಟೂರ್ ಮುಗಿಸಿ ಬಂದರೆ ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು ಕೇಳುವ ಮೊದಲ ಪ್ರಶ್ನೆ: ‘ಅಲ್ಲಿ ಊಟಕ್ಕೆ ಎಂಥ ಮಾಡಿದ್ರಿ ಮಾರಾಯ್ರೆ?’ ಉತ್ತರವೂ ತಯಾರಿರುತ್ತದೆ. ಪ್ಯಾರಿಸ್‌ನಲ್ಲಿ ಅನ್ನ-ಸಾರು ಅಡ್ಡಿಯಿಲ್ಲ. ರೋಮ್‌ನಲ್ಲಿ ಪಲ್ಯಕ್ಕೆ ಉಪ್ಪು ಕಮ್ಮಿ. ಸ್ವಿಟ್ಜರ್ಲೆಂಡಿನಲ್ಲಿ ಸಾರು ಸಪ್ಪೆ, ಮೊಸರು ಮಾತ್ರ ಫಸ್ಟ್ ಕ್ಲಾಸ್. ಐಫೆಲ್ ಗೋಪುರವೋ? ಊಟದ ಹೋಟೆಲಿಗೆ ಹೋಗುವ ದಾರಿಯಲ್ಲಿ ಎಡಗಡೆ ಸಿಕ್ಕಿತು.

ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ, ಮಾಲು ಮಂಡಿಗೆ ಹೋದ ಮೇಲೆ ಮಳೆ ಹಿಡಿಯುವವರೆಗೆ ಒಂದಿಷ್ಟು ಬಿಡುವು. ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ತೋಟಗಳಿಗೆ ಹಳದಿ ಎಲೆ ರೋಗ ಇದ್ದದ್ದೇ, ಈಗ ಎಲೆಚುಕ್ಕಿಯೂ ಸೇರಿದೆ. ಆದರೂ ರೇಟು ನಿಂತ ವರ್ಷ ಟೂರ್ ಹೊರಡದೆ ಮನಸ್ಸು ಕೇಳುವುದಿಲ್ಲ. ಟೂರ್ ಕಂಪನಿಯ ಕರಪತ್ರದಲ್ಲಿ ಆಲ್ಪ್ಸ್ ಪರ್ವತ ಒಂದು ಮೂಲೆಯಲ್ಲಿ, ಬಾಳೆಲೆ ಊಟದ ಚಿತ್ರ ಅರ್ಧ ಪುಟ. ‘ಅಡುಗೆಯವರು ನಿಮ್ಮ ಜೊತೆಗೇ ಬರುತ್ತಾರೆ’ ಎಂಬ ಸಾಲು ದಪ್ಪಕ್ಷರದಲ್ಲಿ. ವೆನಿಸ್ ತೋರಿಸುತ್ತಾರೋ ಇಲ್ಲವೋ ಯಾರಿಗೆ ಬೇಕು. ರಾತ್ರಿ ಊಟಕ್ಕೆ ಮಜ್ಜಿಗೆ ಇದೆಯೋ ಎಂದು ಮಾತ್ರ ಎರಡೆರಡು ಸಲ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುತ್ತಾರೆ.

ಸ್ವಿಸ್‌ನವರು ಜಾಣರು, ನಮ್ಮ ಹೊಟ್ಟೆಯ ಒಳಗನ್ನು ಬೇಗ ಅರಿತರು. ಹದಿನಾರು ವರ್ಷ ಬೆಟ್ಟ ಕೊರೆದು 1912ರಲ್ಲಿ ಅವರು ಯುಂಗ್‌ಫ್ರಾವ್‌ಯೋಕ್‌ಗೆ ರೈಲು ಮುಟ್ಟಿಸಿದ್ದರು. 3,454 ಮೀಟರ್ ಎತ್ತರ, ಯುರೋಪಿನಲ್ಲೇ ಅತಿ ಎತ್ತರದ ರೈಲು ನಿಲ್ದಾಣ; ಎರಡು ಮುಳ್ಳಯ್ಯನಗಿರಿ ಒಂದರ ಮೇಲೊಂದು ಇಟ್ಟರೆ ಸ್ವಲ್ಪ ಹೆಚ್ಚಾಗುತ್ತದೆ ಅಷ್ಟೆ. ಅಂಥ ಜಾಗದಲ್ಲಿ ನಮಗಾಗಿ ‘ಬಾಲಿವುಡ್’ ಎಂದೇ ಹೆಸರಿಟ್ಟು ಭಾರತೀಯ ಊಟದ ರೆಸ್ಟೋರೆಂಟ್ ತೆರೆದರು. ಹಿಮನದಿಗೆ ಬೆನ್ನು ಹಾಕಿ ಕೂತು ‘ದಾಲ್‌ಗೆ ಒಗ್ಗರಣೆ ಸಾಲದು’ ಎನ್ನುವ ಸುಖ ಊರಿನಲ್ಲಿ ಎಲ್ಲಿ ಸಿಗಬೇಕು?

ಕೆಳಗಿಳಿದು ಅಪ್ಪಿತಪ್ಪಿ ಅಲ್ಲಿಯವರದೇ ಹೋಟೆಲಿಗೆ ಹೊಕ್ಕರೆ ಕಷ್ಟ ಶುರು. ನಮ್ಮಲ್ಲಿ ಬಂದವರಿಗೆ ಮೊದಲು ನೀರು-ಬೆಲ್ಲ. ಅಲ್ಲಿ ಮೊದಲು ಮೆನು, ನೀರಿಗೂ ರೇಟು. ‘ಗ್ಯಾಸ್ ಇದ್ದದ್ದೋ, ಇಲ್ಲದ್ದೋ’ ಎಂದು ವೇಟರ್ ಕೇಳಿದರೆ ನಮ್ಮವರು ಹೊಟ್ಟೆ ನೀವಿಕೊಂಡು ‘ಗ್ಯಾಸ್ ನಮ್ಮ ಹತ್ರಾನೇ ಉಂಟು, ಬರೀ ನೀರು ಕೊಡಿ’ ಅಂತಾರೆ. ಆಮೇಲೆ ಬಿಲ್ಲು. ಬಾಟಲಿಗೆ ಐದು ಫ್ರಾಂಕ್ ಅಂದರೆ ಐನೂರು ರೂಪಾಯಿಗೆ ಮೇಲೆ, ಹೆಚ್ಚುಕಮ್ಮಿ ಒಂದು ಕೆಜಿ ರಾಶಿ ಅಡಿಕೆ. ಯಜಮಾನರು ಆ ಬಾಟಲಿಯನ್ನು ಹನಿ ಬಿಡದೆ ಕುಡಿದು, ಖಾಲಿಯನ್ನೂ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

ಯುರೋಪ್ ಎಟುಕದವರಿಗೆ ಥಾಯ್ಲೆಂಡ್ ಇದೆ. 2023ರ ನವೆಂಬರ್‌ನಲ್ಲಿ ಅವರು ನಮಗೆ ವೀಸಾ ಬೇಡ ಅಂದ ಮೇಲೆ ಅದು ಇನ್ನೂ ಹತ್ತಿರವಾಯಿತು. ಅಲ್ಲಿಯ ಸಂತೆಗೆ ಹೋದರೆ ಕಳಲೆ, ಬಾಳೆ ಹೂವು, ಎಳೆ ಹಲಸು, ಹುಣಸೆಹಣ್ಣು, ಕಣ್ಣಲ್ಲಿ ನೀರು ತರಿಸುವ ಸೂಜಿಮೆಣಸು. ಕಾಯಿಹಾಲು ಇಲ್ಲದೆ ಎಷ್ಟೋ ಅಡುಗೆ ಆಗುವುದೇ ಇಲ್ಲ. ನಮ್ಮ ಅಜ್ಜಿಯನ್ನು ಕರೆದುಕೊಂಡು ಹೋಗಿ ಬಿಟ್ಟರೆ ಅರ್ಧ ಗಂಟೆಯಲ್ಲಿ ಒಲೆ ಹಚ್ಚಿಬಿಟ್ಟಾಳು. ಆದರೆ ನಮ್ಮ ತಂಡ ಮೂಗಿಗೆ ಕರ್ಚೀಫು ಹಿಡಿದು ಸಂತೆ ದಾಟಿ, ಪಂಜಾಬಿ ಹೋಟೆಲ್ ಹುಡುಕಿ, ಪನೀರ್ ಬಟರ್ ಮಸಾಲ ತಿಂದು ಬಂತು.

ವಯಸ್ಸಾದವರ, ಶುದ್ಧ ಸಸ್ಯಾಹಾರಿಗಳ ಕಷ್ಟ ನಿಜ. ಥಾಯ್ ಅಡುಗೆಯಲ್ಲಿ ಮೀನಿನ ಸಾಸ್ ಎಲ್ಲಿ ಅಡಗಿರುತ್ತದೆಂದು ಹೇಳಲು ಬರುವುದಿಲ್ಲ. ಅವರನ್ನು ಬಿಡೋಣ. ನನ್ನ ತಕರಾರು ಊರಿನಲ್ಲಿ ಏಡಿ, ಹಂದಿ, ಕಾಡುಕೋಳಿ ಒಂದನ್ನೂ ಬಿಡದೆ, ವಿಮಾನ ಹತ್ತಿದ ಕೂಡಲೇ ‘ಅವರದ್ದೆಲ್ಲ ನಮಗೆ ಆಗೂದಿಲ್ಲ’ ಎನ್ನುವ ಶೂರರ ಮೇಲೆ. ಹಾಗೆ ನೋಡಿದರೆ ಸಸ್ಯಾಹಾರಿಗಳಿಗೂ ಥಾಯ್ ನಾಡಿನಲ್ಲಿ ‘ಜೇ’ ಊಟ ಉಂಟು. ಅಂಗಡಿ ಮುಂದೆ ಹಳದಿ ಬಾವುಟ, ಕೆಂಪು ಅಕ್ಷರ. ಮಾಂಸ, ಮೀನು, ಮೊಟ್ಟೆಯ ಮಾತು ಹಾಗಿರಲಿ, ಈರುಳ್ಳಿ-ಬೆಳ್ಳುಳ್ಳಿಯನ್ನೂ ಅವರು ಮುಟ್ಟುವುದಿಲ್ಲ. ಅಂಥ ಮಡಿ ನಮ್ಮಲ್ಲೂ ಈಗ ಶ್ರಾದ್ಧದ ದಿನ ಮಾತ್ರ.

ಟೂರಿನಿಂದ ಬಂದ ಇದೇ ಮಹನೀಯರು ತಮ್ಮ ಹೋಂಸ್ಟೇ ಜಗಲಿಯಲ್ಲಿ ಕೂತು ಬೆಂಗಳೂರಿನ ಗಿರಾಕಿಗಳನ್ನು ಆಡಿಕೊಳ್ಳುತ್ತಾರೆ: ‘ಬಿಸಿ ಕಡುಬು, ಕಳಲೆ ಪಲ್ಯ ಮಾಡಿಟ್ರೆ ಗೋಬಿ ಮಂಚೂರಿ ಕೇಳ್ತಾರೆ ಮಾರಾಯಾ. ರುಚಿ ಗೊತ್ತಿಲ್ಲದ ಜನ!’ ಬ್ಯಾಂಕಾಕಿನ ಅಡುಗೆಯವಳೂ ನಮ್ಮ ಬೆನ್ನ ಹಿಂದೆ ಇಷ್ಟೇ ಹೇಳಿರುತ್ತಾಳೆ, ಅವಳ ಭಾಷೆ ಬರದ್ದರಿಂದ ಮರ್ಯಾದೆ ಉಳಿಯಿತು.

ಈ ಸಲ ಥಾಯ್ಲೆಂಡಿಗೆ ಹೊರಟವರು ಒಂದೇ ಒಂದು ಹೊತ್ತು ಗುಂಪಿನಿಂದ ತಪ್ಪಿಸಿಕೊಂಡು ಹಳದಿ ಬಾವುಟದ ಅಂಗಡಿಯಲ್ಲಿ ಉಂಡು ನೋಡಿ. ಹಿಡಿಸದಿದ್ದರೆ ಸೂಟ್‌ಕೇಸಿನಲ್ಲಿ ಹೇಗೂ ಅಪ್ಪೆಮಿಡಿ ಉಪ್ಪಿನಕಾಯಿ ಇದೆ. ಅಂಗಿಗೆ ಹತ್ತಿದ್ದು ಬಿಟ್ಟು ಉಳಿದದ್ದನ್ನು ನೆಂಚಿಕೊಳ್ಳಬಹುದು.