ಮೂತಿಯಿಲ್ಲದ ಮೂತಿಹುಳ

ಮೂಡಿಗೆರೆ ಕಡೆ ‘ಬೋರರ್’ ಎಂದರೆ ಸಾಕು, ಅರೇಬಿಕಾ ಬೆಳೆದವರ ಮುಖ ಸಪ್ಪಗಾಗುತ್ತದೆ. ಅದು ಬಿಳಿ ಕಾಂಡಕೊರಕ. ಗಿಡವನ್ನು ಬುಡಸಮೇತ ಕೀಳಿಸುವ ಆಸಾಮಿ. ನಮ್ಮದು ರೋಬಸ್ಟಾ, ಅದರ ಗೊಡವೆ ನಮಗಿಲ್ಲ ಎಂದು ನಾನು ಜಗುಲಿಯಲ್ಲಿ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದೆ. ಆಗ ನಮ್ಮ ರೈಟರು ಒಣಗಿದ ರೆಂಬೆಯೊಂದನ್ನು ತಂದು ಮುಂದಿಟ್ಟರು. (ಮಲೆನಾಡಿನಲ್ಲಿ ರೈಟರೆಂದರೆ ತೋಟದ ಮೇಲ್ವಿಚಾರಕರು. ಬರೆಯುವವನಿಗೆ ಇಲ್ಲಿ ಅಂಥ ಹುದ್ದೆಯೇನೂ ಇಲ್ಲ.)

“ನೀರು ಸಾಲದೆ ಒಣಗಿರಬೇಕು” ಎಂದೆ.

“ಮಳೆ ನಿಂತು ವಾರ ಆಗಿಲ್ಲ ಗೌಡ್ರೇ, ಇನ್ಯಾವ ನೀರು?” ಎಂದು ರೆಂಬೆಯನ್ನು ಮಗುಚಿದರು. ಅಡಿಯಲ್ಲಿ ಗುಂಡುಸೂಜಿ ಚುಚ್ಚಿದಷ್ಟು ತೂತು. ಚಾಕುವಿನಿಂದ ಸೀಳಿದರೆ ಒಳಗೆ ಎಳ್ಳಿಗಿಂತ ಸಣ್ಣ, ಮಿರಿಮಿರಿ ಕಪ್ಪು ಹುಳ. ಸುತ್ತ ಹಳೇ ರೊಟ್ಟಿಗೆ ಹಿಡಿಯುವಂಥ ಬಿಳಿ ಬೂಷ್ಟು.

ಶಾಟ್ ಹೋಲ್ ಬೋರರ್. ಶಾಸ್ತ್ರದ ಹೆಸರು ಕ್ಸೈಲೋಸ್ಯಾಂಡ್ರಸ್ ಕಾಂಪ್ಯಾಕ್ಟಸ್. ಹುಳ ಎರಡು ಮಿಲಿಮೀಟರೂ ಇಲ್ಲ, ಹೆಸರು ಮಾತ್ರ ಒಂದು ಮೊಳ. ಇದರ ವಂಶವಾದ ತೊಗಟೆಹುಳಗಳನ್ನು ವಿಜ್ಞಾನಿಗಳು ಮೂತಿಹುಳಗಳ ಕುಟುಂಬಕ್ಕೆ ಸೇರಿಸಿದ್ದಾರೆ. ಇದಕ್ಕೋ ಮೂತಿಯೇ ಇಲ್ಲ! ಮದುವೆಮನೆಯಲ್ಲಿ “ನಾವೂ ನಿಮ್ಮ ಕಡೆಯವರೇ” ಎಂದು ಮೊದಲ ಪಂಕ್ತಿಯಲ್ಲೇ ಕೂರುವವರ ನೆನಪಾಯಿತು.

ಪಂಕ್ತಿಯಲ್ಲಿ ಕೂತರೂ ಇದು ನಮ್ಮ ಅಡುಗೆ ಮುಟ್ಟುವುದಿಲ್ಲ. ಕೊರೆದ ಪುಡಿಯನ್ನೆಲ್ಲ ಹೊರಗೆ ತಳ್ಳಿ, ಬೆನ್ನಿನ ಪುಟ್ಟ ಚೀಲದಲ್ಲಿ ತಂದ ಶಿಲೀಂಧ್ರವನ್ನು ಸುರಂಗದ ಗೋಡೆಗೆ ಬಿತ್ತುತ್ತದೆ. ತಾಯಿಯೂ ಮಕ್ಕಳೂ ಉಣ್ಣುವುದು ಆ ಬೂಷ್ಟನ್ನೇ. ಬಾಬಾಬುಡನ್ ಯೆಮನ್ನಿನಿಂದ ಏಳು ಬೀಜ ಬಚ್ಚಿಟ್ಟು ತಂದರೆಂಬ ಐತಿಹ್ಯ ಕೇಳಿ ಬೆಳೆದ ನಮಗೆ, ಬೀಜ ಬಚ್ಚಿಟ್ಟು ತಂದು ತೋಟ ಮಾಡುವವರನ್ನು ಬೈಯಲು ಬಾಯಾದರೂ ಎಲ್ಲಿದೆ?

ಕೊರೆಯುವುದು, ಬಿತ್ತುವುದು, ಮರಿ ಕಾಯುವುದು ಎಲ್ಲ ಹೆಣ್ಣಿನ ಪಾಲು. ಗಂಡಿಗೆ ಹಾರಲು ಬಾರದು. ಹುಟ್ಟಿದ ಸುರಂಗದಲ್ಲೇ ತಿಂದುಕೊಂಡು ಇದ್ದುಬಿಡುತ್ತದೆ. ಇದು ತಿಳಿದ ಮೇಲೆ ಯಾಕೋ ಚಾಚಿದ ಕಾಲನ್ನು ಮಡಚಿಕೊಂಡೆ.

1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಹೇಳುವ ಮದ್ದು ಸರಳ: ಮರಗಸಿ ಮಾಡಿ ನೆರಳು ತೆಳುವಾಗಿಸಬೇಕು, ಬೇಡದ ಚಿಗುರು ತೆಗೆಯಬೇಕು, ತೂತಿನಿಂದ ಎರಡು ಮೂರು ಇಂಚು ಹಿಂದಕ್ಕೆ ರೆಂಬೆ ಕತ್ತರಿಸಿ ಸುಡಬೇಕು. ಕತ್ತರಿಸಿದ್ದನ್ನು ಗಿಡದ ಬುಡದಲ್ಲೇ ಬಿಸಾಡಬೇಡಿ. ಒಣರೆಂಬೆ ಕಂಡಾಗ ನೀರನ್ನು ದೂರುವ ಮೊದಲು ಒಮ್ಮೆ ಮಗುಚಿ ನೋಡಿ.