ಬಣ್ಣಪೂರ್ವಮೀಮಾಂಸೆ

ಉಪೋದ್ಘಾತ

ಕಾರಿಗೆ ಯಾವ ಬಣ್ಣ ಹೊಡೆಸಬೇಕೆಂಬ ಬಗ್ಗೆ ಮನೆಮಂದಿಗೆಲ್ಲ ಅಭಿಪ್ರಾಯವಿರುತ್ತದೆ. ಬಣ್ಣ ಹೊಡೆಯುವ ಮುನ್ನ ಏನು ಮಾಡಬೇಕೆಂಬ ಬಗ್ಗೆ ಯಾರಿಗೂ ಇರುವುದಿಲ್ಲ. ಈ ಕೊರತೆಯನ್ನು ನೀಗಿಸಲು ಪ್ರಸ್ತುತ ಭಾಷ್ಯಕಾರನು ಸೊಂಟ ಕಟ್ಟಿದ್ದಾನೆ. ಕೈಗೆ ಗ್ಲೌಸು ಹಾಕಿಲ್ಲ, ಏಕೆಂದರೆ ತಿಕ್ಕುವವರು ಬೇರೆ.

ಸಂಪ್ರದಾಯದಂತೆ ಮೊದಲು ಅನುಬಂಧ ಚತುಷ್ಟಯ. ವಿಷಯ: ಕಾರಿನ ಹೊರಮೈ. ಅಂತರಂಗಶುದ್ಧಿಯು ಎಂಜಿನ್ ಮೆಕ್ಯಾನಿಕ್ಕಿನ ವ್ಯಾಪ್ತಿಗೆ ಸೇರಿದ್ದರಿಂದ ಇಲ್ಲಿ ಕೈಬಿಡಲಾಗಿದೆ. ಪ್ರಯೋಜನ: ಹೊಸ ಬಣ್ಣ ಮುಂದಿನ ಮಳೆಗಾಲಕ್ಕೇ ಹೊಪ್ಪಳೆ ಏಳದಿರುವುದು. ಸಂಬಂಧ: ಗಿರಾಕಿಗೂ ಗ್ಯಾರೇಜಿಗೂ ಅಡ್ವಾನ್ಸು ಕೊಟ್ಟ ಗಳಿಗೆಯಿಂದ ಏರ್ಪಡುವಂಥದ್ದು, ಬಿಡಿಸಿಕೊಳ್ಳಲಾಗದ್ದು. ಅಧಿಕಾರಿ, ಅಂದರೆ ಈ ವಿದ್ಯೆಗೆ ಅರ್ಹನು: ಹಳೆಯ ಮಾರುತಿ 800 ಒಂದನ್ನು ಮಾರಲು ಮನಸ್ಸು ಬಾರದೆ, ಇಟ್ಟುಕೊಂಡರೆ ನೆಂಟರೆದುರು ತಲೆಯೆತ್ತಲಾಗದೆ ಒದ್ದಾಡುತ್ತಿರುವ ಗೃಹಸ್ಥ. ಬಿಳಿ ಕಾರನ್ನು ಕೆಂಪು ಮಾಡಿಸಬಯಸುವವನಿಗೆ ಇನ್ನೂ ಒಂದು ದೀಕ್ಷೆಯುಂಟು. ಆರ್‌ಸಿಯಲ್ಲಿ ಬಣ್ಣದ ಹೆಸರೂ ಇರುವುದರಿಂದ ಅವನು ಆರ್‌ಟಿಓ ಕಚೇರಿಗೆ ಹೋಗಿ ಅದನ್ನು ತಿದ್ದಿಸಬೇಕು. ಆ ವ್ರತದ ವಿಧಿವಿಧಾನಗಳಿಗೆ ಪ್ರತ್ಯೇಕ ಗ್ರಂಥವೇ ಬೇಕು.

ಸೂತ್ರಕಾರರು ಗ್ಯಾರೇಜಿನ ಮೇಸ್ತ್ರಿ. ಸೂತ್ರಕ್ಕೆ ಅಲ್ಪಾಕ್ಷರವೇ ಲಕ್ಷಣವೆಂದು ಪ್ರಾಚೀನರು ಹೇಳಿದರು, ಕಾರಣ ಹೇಳಲಿಲ್ಲ. ಮೇಸ್ತ್ರಿಯನ್ನು ಕಂಡಮೇಲೆ ಕಾರಣ ಸ್ಪಷ್ಟವಾಗುತ್ತದೆ: ಬಾಯಲ್ಲಿ ಎಲೆಯಡಿಕೆ.

ಸೂತ್ರ 1: “ತೊಳಿ, ಆಮೇಲೆ ತಿಕ್ಕು.”

ಹೇಗೂ ತಿಕ್ಕುತ್ತೇವಲ್ಲ, ತೊಳೆಯುವುದೇಕೆ ಎಂದು ಕೇಳುವವರುಂಟು. ಉತ್ತರ: ಮೇಣ, ಪಾಲಿಶು, ಟಾರು, ಎಣ್ಣೆಗಳು ಎಮರಿ ಕಾಗದ ಮಾಡಿದ ಗೀರುಗಳೊಳಗೆ ಒಮ್ಮೆ ಇಳಿದು ಕೂತರೆ ಆಮೇಲೆ ಎಬ್ಬಿಸಲು ಬರುವುದಿಲ್ಲ. ನಮ್ಮ ಕಾರುಗಳ ಮೇಲಂತೂ ಇವಲ್ಲದೆ ಆಯುಧಪೂಜೆಯ ಅರಿಸಿನ-ಕುಂಕುಮ, ಬಾಳೆಕಂದು ಕಟ್ಟಿದ ಟೇಪಿನ ಅಂಟು, ಡಿಕ್ಕಿಯ ಮೇಲೆ ಅರ್ಧ ಕಿತ್ತ ಸ್ಟಿಕ್ಕರು ಇತ್ಯಾದಿ ಸಾಂಸ್ಕೃತಿಕ ಪದರಗಳಿರುತ್ತವೆ. ಪುರಾತತ್ತ್ವದವರು ಕಂಡರೆ ಬೇಲಿ ಹಾಕಿಸಿಯಾರು. ಮೇಸ್ತ್ರಿ ಸೋಪುನೀರು ಹಾಕಿಸುತ್ತಾರೆ.

ಅನಂತರ ಎರಡು ಬಟ್ಟೆಯ ವಿಧಿ. ಜಿಡ್ಡು ತೆಗೆಯುವ ದ್ರಾವಣದಲ್ಲಿ ನೆನೆದ ಬಟ್ಟೆ ಮುಂದೆ, ಒಣಬಟ್ಟೆ ಅದರ ಬೆನ್ನ ಹಿಂದೆಯೇ. ಒಣಬಟ್ಟೆ ತಡಮಾಡಿದರೆ ದ್ರಾವಣ ಆರಿಹೋಗಿ ಜಿಡ್ಡು ಇದ್ದಲ್ಲೇ ಪುನರ್ಜನ್ಮ ಪಡೆಯುತ್ತದೆ. ಡ್ಯಾಶ್‌ಬೋರ್ಡಿಗೆ ಹಚ್ಚುವ ಸಿಲಿಕೋನ್ ಪಾಲಿಶು ಒಂದಿಷ್ಟು ಉಳಿದಿದ್ದರೂ ಸಾಕು, ಹೊಸ ಬಣ್ಣ ಅಲ್ಲಿಂದ ದೂರ ಸರಿದು ಗುಂಡನೆಯ ಮೀನುಗಣ್ಣು ಬಿಡುತ್ತದೆ. ಬಂಪರಿಗೆ ಕಟ್ಟಿದ ನಿಂಬೆಹಣ್ಣು-ಮೆಣಸಿನಕಾಯಿ ಊರವರ ಕಣ್ಣನ್ನು ತಡೆದೀತು, ಈ ಕಣ್ಣನ್ನು ತಡೆಯದು.

ಸೂತ್ರ 2: “ಬಿಚ್ಚಕ್ಕಾಗೋದೆಲ್ಲ ಬಿಚ್ಚು.”

ಬಂಪರು, ದೀಪ, ಹ್ಯಾಂಡಲು, ವೈಪರು, ಬೀಡಿಂಗು. ಬಿಚ್ಚಲು ಬೇಸರಪಟ್ಟು ಸುತ್ತಲೂ ಟೇಪು ಅಂಟಿಸಿದರೆ ಬಣ್ಣ ಅಂಚಿನಲ್ಲಿ ದಂಡೆ ಕಟ್ಟುತ್ತದೆ. ಮುಂದೆ ಸಿಪ್ಪೆ ಏಳುವುದು ಆ ದಂಡೆಯಿಂದಲೇ. ಸೂತ್ರ ಸುಲಭ, ಭಾಷ್ಯ ಅನಗತ್ಯ.

ಸೂತ್ರ 3: “ತುಕ್ಕಿಗೆ ಬಣ್ಣ ಹೊಡೀಬೇಡ.”

ತುಕ್ಕಿನ ವಾಸಸ್ಥಾನಗಳು ಎರಡು ಪ್ರಸಿದ್ಧ: ಚಕ್ರದ ಮೇಲಿನ ಕಮಾನು, ಮತ್ತು ಬಾಗಿಲಿನ ಅಡಿ. ಬಾಗಿಲಿನ ಅಡಿಯಲ್ಲಿ ನೀರು ಹರಿದುಹೋಗಲೆಂದೇ ಕಂಪನಿಯವರು ರಂಧ್ರ ಬಿಟ್ಟಿರುತ್ತಾರೆ. ಅದರಲ್ಲಿ ಮಣ್ಣು ಕಟ್ಟಿ, ನೀರು ಒಳಗೇ ಸಂಸಾರ ಹೂಡಿರುತ್ತದೆ. ಹೊರಗೆ ಕಾಣುವುದು ಸಾಸಿವೆಯಷ್ಟು ಗುಳ್ಳೆ. ಸ್ಕ್ರೂಡ್ರೈವರಿನ ತುದಿಯಿಂದ ತಿವಿದರೆ ಆಚೆಯ ನೆಲ ಕಾಣುತ್ತದೆ. ಹೊಳೆಯುವ ತಗಡು ಸಿಗುವವರೆಗೆ ಕೆರೆಯಬೇಕು. ತಗಡೇ ಸಿಗದಿದ್ದರೆ ಕತ್ತರಿಸಿ ಹೊಸ ತುಂಡು ಬೆಸೆಯಬೇಕು. ಬೆತ್ತಲೆ ತಗಡಿಗೆ ಅಂದೇ ಎಪಾಕ್ಸಿ ಪ್ರೈಮರ್ ಕೊಡಬೇಕು. ಮಳೆಗಾಲದ ತೇವದಲ್ಲಿ ರಾತ್ರಿ ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪು ಆಡಿರುತ್ತದೆ.

ಸೂತ್ರ 4: “ಪುಟ್ಟಿ ತೆಳ್ಳಗಿರ್ಲಿ.”

ನೆಗ್ಗಿದ್ದನ್ನು ಎತ್ತುವುದು ಟಿಂಕರಿನವನ ಸುತ್ತಿಗೆಯ ಧರ್ಮ, ಉಳಿದ ಸಣ್ಣ ಏರುತಗ್ಗು ತುಂಬುವುದು ಪುಟ್ಟಿಯ ಧರ್ಮ. 3 ಮಿಲಿಮೀಟರಿಗಿಂತ ದಪ್ಪ ಮೆತ್ತಿದರೆ ಧರ್ಮಸಂಕರ: ಬಿಸಿಲಿಗೂ ಕುಲುಕಾಟಕ್ಕೂ ಅದು ಬಿರಿಯುತ್ತದೆ. ಪುಟ್ಟಿಯ ನೂರು ಪಾಲಿಗೆ ಎರಡು-ಮೂರು ಪಾಲು ಹಾರ್ಡ್‌ನರ್. ಕಡಿಮೆಯಾದರೆ ಗಟ್ಟಿಯಾಗದು, ಹೆಚ್ಚಾದರೆ ಕಲೆ ಮೇಲಿನ ಬಣ್ಣದಲ್ಲಿ ಕಾಣಿಸಿಕೊಳ್ಳುತ್ತದೆ. ತಕ್ಕಡಿ ಎಲ್ಲಿ ಎಂದು ಭಾಷ್ಯಕಾರನು ಕೇಳಲಾಗಿ, ಮೇಸ್ತ್ರಿ ತಗಡಿನ ಮೇಲೆ ಕಲಸುತ್ತಲೇ ಕಣ್ಣಿನತ್ತ ಬೆರಳು ತೋರಿಸಿದರು.

ಸೂತ್ರ 5: “ಪುಟ್ಟಿಗೆ ಒಣ, ಪ್ರೈಮರ್‌ಗೆ ಹಸಿ.”

ಇಲ್ಲಿ ಮತಭೇದ ತೀವ್ರ. ಒಣಪಂಥದವರು ನೀರಿಲ್ಲದೆ ತಿಕ್ಕಿ ಧೂಳಿನಲ್ಲಿ ಅಂತರ್ಧಾನರಾಗುತ್ತಾರೆ. ಹಸಿಪಂಥದವರು ಬಕೆಟ್ಟಿಲ್ಲದೆ ಕಾಗದ ಮುಟ್ಟುವುದಿಲ್ಲ. ಹಸಿಪಂಥ ಅರ್ವಾಚೀನವಾದದ್ದು: ಅಮೆರಿಕದ ತ್ರೀಎಂ ಕಂಪನಿ ನೀರಿಗೆ ಜಗ್ಗದ ಎಮರಿ ಕಾಗದವನ್ನು ತಂದದ್ದು 1921ರಲ್ಲಿ. ಸೂತ್ರಕಾರರು ಸಮನ್ವಯಾಚಾರ್ಯರು. ಪುಟ್ಟಿ ನೀರು ಕುಡಿಯುತ್ತದೆ; ಕುಡಿದದ್ದನ್ನು ಬಚ್ಚಿಟ್ಟುಕೊಂಡು, ಬಣ್ಣ ಬಿದ್ದಮೇಲೆ ಗುಳ್ಳೆಯಾಗಿ ಒಪ್ಪಿಸುತ್ತದೆ. ಆದ್ದರಿಂದ ಅದಕ್ಕೆ 80, 180, 320ರ ಕಾಗದದಲ್ಲಿ ಒಣ ತಿಕ್ಕಾಟ. ಪ್ರೈಮರ್ ಮೇಲೆ 400, 600, ಮೆಟಾಲಿಕ್ ಬಣ್ಣವಾದರೆ 800, ಎಲ್ಲವೂ ನೀರು ಹಾಕಿ. ಅಂಕಿ ಏರಿದಂತೆ ಕಾಗದ ಸೌಮ್ಯವಾಗುತ್ತದೆ. ಮನುಷ್ಯರ ವಯಸ್ಸಿನ ವಿಷಯದಲ್ಲೂ ಹೀಗೆನ್ನುವುದುಂಟು, ಪ್ರಮಾಣ ಸಿಕ್ಕಿಲ್ಲ.

ಬರಿಯ ಬೆರಳಿನಿಂದ ತಿಕ್ಕಿದರೆ ಬೆರಳಿನ ಸಾಲುಗಳೇ ಮೂಡುವುದರಿಂದ ಕಾಗದದೊಳಗೆ ಹವಾಯಿ ಚಪ್ಪಲಿಯ ತುಂಡೊಂದನ್ನು ಹಿಡಿಯುವುದು ನಮ್ಮಲ್ಲಿನ ಪದ್ಧತಿ. ರಾಮಾಯಣದ ನಂತರ ಪಾದುಕೆಗೆ ಇಷ್ಟು ದೊಡ್ಡ ಹೊಣೆ ಬಿದ್ದದ್ದು ಇಲ್ಲಿಯೇ.

ಸೂತ್ರ 6: “ಕಣ್ಣನ್ನ ನಂಬ್ಬೇಡ, ಕೈ ನಂಬು.”

ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಶ್ರೇಷ್ಠವೆಂದವರು ಬಂಪರಿನ ಬಳಿ ಕುಕ್ಕರಗಾಲಲ್ಲಿ ಕೂತವರಲ್ಲ. ಪ್ರೈಮರ್ ಬೂದುಬಣ್ಣದ್ದು, ಹೊಳಪಿಲ್ಲದ್ದು. ಕಣ್ಣಿಗೆ ಎಲ್ಲವೂ ನುಣುಪು. ಮೇಸ್ತ್ರಿ ಅಂಗೈ ಕೆಳಗೆ ತೆಳ್ಳನೆಯ ವೇಸ್ಟ್ ಬಟ್ಟೆ ಇಟ್ಟು, ಮುಖ ಬೀದಿಯ ಕಡೆ ತಿರುಗಿಸಿ, ಬಾಗಿಲ ಉದ್ದಕ್ಕೂ ಕೈಯನ್ನು ನಿಧಾನವಾಗಿ ಜಾರಿಸುತ್ತಾರೆ. ಹ್ಯಾಂಡಲಿನ ಒಂದು ಗೇಣು ಕೆಳಗೆ ಕೈ ನಿಲ್ಲುತ್ತದೆ, ಹಿಂದೆ ಬರುತ್ತದೆ, ಮತ್ತೆ ಅಲ್ಲೇ ನಿಲ್ಲುತ್ತದೆ. ಪೆನ್ಸಿಲಿನಲ್ಲಿ ಒಂದು ಸುತ್ತು. ನಂಬದವರ ಸಲುವಾಗಿ ಪರೀಕ್ಷೆಯುಂಟು: ಮೇಲೆ ಕಪ್ಪು ಬಣ್ಣವನ್ನು ತೆಳ್ಳಗೆ ಸಿಂಪಡಿಸಿ ತಿಕ್ಕುವುದು. ಕಪ್ಪು ಉಳಿದಲ್ಲಿ ತಗ್ಗು, ಬೇಗ ಹೋದಲ್ಲಿ ಉಬ್ಬು. ಕಪ್ಪು ಉಳಿದದ್ದು ಪೆನ್ಸಿಲಿನ ಸುತ್ತಿನೊಳಗೇ.

ಸೂತ್ರ 7: “ಮುಚ್ಚೋದನ್ನ ನೆಟ್ಟಗೆ ಮುಚ್ಚು.”

ಮೇಲೆ ಹೇಳಿದ ನೀರುಕಾಗದವನ್ನು ಪೇಂಟರುಗಳಿಗೆ ತೋರಿಸಲು ಹೋದ ತ್ರೀಎಂ ನೌಕರ ರಿಚರ್ಡ್ ಡ್ರೂ, ಎರಡು ಬಣ್ಣದ ಕಾರಿನ ಗಡಿಯಲ್ಲಿ ಅಂಟಿಸಿದ ಕಾಗದ ಕೀಳುವಾಗ ಹೊಸ ಬಣ್ಣವೂ ಕಿತ್ತುಬರುವುದನ್ನು ಕಂಡು 1925ರಲ್ಲಿ ಮಾಸ್ಕಿಂಗ್ ಟೇಪು ರೂಪಿಸಿದ. ಅಂದಿನಿಂದ ಟೇಪು ಅಲ್ಲಿಯದು, ದಿನಪತ್ರಿಕೆ ಇಲ್ಲಿಯದು. ಅಂಚು ನೆಟ್ಟಗಿರಬೇಕು, ಉಗುರಿನಿಂದ ಒತ್ತಿರಬೇಕು. ಪತ್ರಿಕೆ ಒಂದೇ ಪದರವಾದರೆ ಥಿನ್ನರ್ ಒಳಕ್ಕೆ ಇಳಿದು ಸಂಪಾದಕೀಯದ ಶಾಯಿ ಗಾಜಿಗೆ ಅಂಟೀತು. ಸಂಪಾದಕೀಯಕ್ಕೆ ಸಾರ್ವಜನಿಕರ ಮೇಲೆ ಇಷ್ಟು ಪರಿಣಾಮ ಬೇರೆಲ್ಲೂ ಇಲ್ಲ.

ಪೂರ್ವಪಕ್ಷ ಮತ್ತು ಖಂಡನೆ

ಗಿರಾಕಿಯು ಆಕ್ಷೇಪಿಸುತ್ತಾನೆ: “ಇಷ್ಟೆಲ್ಲ ಯಾಕೆ ಮೇಸ್ತ್ರಿ? ಮೇಲೆ ಎರಡು ಕೋಟ್ ದಪ್ಪಗೆ ಹೊಡೆದ್ರೆ ಎಲ್ಲ ಮುಚ್ಚೋಗಲ್ವಾ?”

ಸೂತ್ರಕಾರರು ಎಲೆಯಡಿಕೆ ಉಗುಳಿ ಬಂದು ಹೇಳುತ್ತಾರೆ: “ಬಣ್ಣ ಏನೂ ಮುಚ್ಚಲ್ಲ ಸಾರ್, ತೋರಿಸ್ಬಿಡತ್ತೆ.”

ಇದೇ ಸಿದ್ಧಾಂತ. ಕಾರ್ಖಾನೆಯಲ್ಲಿ ಕಾರಿಗೆ ಹಾಕುವ ಎಲ್ಲ ಪದರಗಳೂ ಸೇರಿ ದಪ್ಪ ಸುಮಾರು 100ರಿಂದ 130 ಮೈಕ್ರಾನ್. ತಲೆಗೂದಲೊಂದರ ದಪ್ಪ ಸುಮಾರು 70. ಎರಡು ಕೂದಲಿನಷ್ಟೂ ದಪ್ಪವಿಲ್ಲದ ಹೊದಿಕೆ ಯಾವ ತಗ್ಗನ್ನು ತುಂಬೀತು? ಅದು ಕೊಡುವುದು ಹೊಳಪು. ಹೊಳಪಿನಲ್ಲಿ ಎದುರಿನ ಟ್ಯೂಬ್‌ಲೈಟು ಪ್ರತಿಬಿಂಬಿಸುತ್ತದೆ, ಆ ಗೆರೆ ಎಲ್ಲಿ ಸೊಟ್ಟಗಾಯಿತೋ ಅಲ್ಲಿ ಯಾರೋ ತಿಕ್ಕಲು ಸೋಮಾರಿತನ ಮಾಡಿದ್ದಾರೆ.

ಗಿರಾಕಿ ಸೋಲೊಪ್ಪದೆ ಕೊನೆಯ ಅಸ್ತ್ರ ಬಿಡುತ್ತಾನೆ: ತೊಳೆಯದೆ, ತಿಕ್ಕದೆ, ಪ್ರೈಮರಿಲ್ಲದೆ ಅಂಟುವ ಬಣ್ಣವೂ ಉಂಟು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆಯೇ 1962ರಿಂದ ಚುನಾವಣೆಗೆ ಅಂಥದ್ದನ್ನು ಒದಗಿಸುತ್ತಿದೆಯಲ್ಲ? ಒಪ್ಪಿದೆವು. ಆದರೆ ಆ ಶಾಯಿಯ ಸಿಲ್ವರ್ ನೈಟ್ರೇಟ್ ಚರ್ಮದೊಂದಿಗೇ ಕೂಡಿಕೊಂಡು ಕಪ್ಪಾಗುತ್ತದೆ, ಉಗುರು ಬೆಳೆದಂತೆ ಕೆಲವು ವಾರಗಳಲ್ಲಿ ಹೋಗುತ್ತದೆ. ಬಾನೆಟ್ಟಿಗೆ ಚರ್ಮವೂ ಇಲ್ಲ, ಉಗುರೂ ಬೆಳೆಯುವುದಿಲ್ಲ. ಜೊತೆಗೆ, ಆ ಬಣ್ಣ ಬಳಿಯುವ ಮುಂಚೆ ನಡೆಯುವ ತಯಾರಿ ಸಾಮಾನ್ಯವೇ? ತಿಂಗಳುಗಟ್ಟಲೆ ಮೈಕಿನಲ್ಲಿ ನಡೆಯುತ್ತದೆ.

ಇಷ್ಟೆಲ್ಲ ಆದಮೇಲೂ ಬಿಲ್ಲಿನಲ್ಲಿ ಬರೆಯುವುದು “ಪೇಂಟಿಂಗ್” ಎಂಬ ಒಂದೇ ಪದ. ತೊಳೆದವನು, ಕೆರೆದವನು, ತಿಕ್ಕಿದವನು ಅದರೊಳಗೆ ಲೀನ. ಗಿರಾಕಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ “ಕಲರ್ ಚೆನ್ನಾಗಿದೆ” ಎನ್ನುತ್ತಾನೆ.

ಫಲಶ್ರುತಿ

ಇದನ್ನು ಓದಿದ ಗೃಹಸ್ಥನು ಹಳೆ ಕಾರು ಕೊಳ್ಳಲು ಹೋದಾಗ ಬಾಗಿಲ ರಬ್ಬರು ಎತ್ತಿ ಬಣ್ಣದ ದಂಡೆ ಹುಡುಕುವನು. ಅಯಸ್ಕಾಂತವೊಂದನ್ನು ಬಟ್ಟೆಯಲ್ಲಿ ಸುತ್ತಿ ಮೈಮೇಲೆ ಆಡಿಸಿ, ಅದು ಸಡಿಲಾದಲ್ಲಿ ಪುಟ್ಟಿಯ ದಪ್ಪ ಅರಿಯುವನು. ಕಾರು ಮಾರುವವನು ಓದಿದರೆ, ಜೇಬು ಭಾರವಿರುವ ಗಿರಾಕಿಯನ್ನು ಕಂಡಾಗ ಅದು ದುಡ್ಡೋ ಅಯಸ್ಕಾಂತವೋ ಎಂದು ಮೊದಲು ವಿಚಾರಿಸುವನು. ಮೇಸ್ತ್ರಿಗೆ ಓದಿ ಹೇಳಲು ಹೋದೆವು. ಮೋಡ ಕವಿಯುವ ಮುಂಚೆ ಪ್ರೈಮರ್ ಮುಗಿಯಬೇಕು, ಆ ಹಾಳೆಗಳನ್ನ ಇತ್ಲಾಗೆ ಕೊಡಿ ಸಾರ್, ಹಿಂದಿನ ಗಾಜು ಇನ್ನೂ ಮುಚ್ಚಿಲ್ಲ ಎಂದರು.