ಜರ್ಮನಿಯ ರಾತ್ರಿಯೂಟ

ಬೇಲೂರು ತಾಲ್ಲೂಕಿನ ಮಾದಿಹಳ್ಳಿಯಲ್ಲಿ ಬಿಸಿಮುದ್ದೆ, ಹುರುಳಿಯ ಬಸ್ಸಾರುಗಳಿಂದ ಸಂವರ್ಧಿತನಾದ ವಿದ್ಯಾರ್ಥಿಯೊಬ್ಬನು ಜರ್ಮನಿಯ ಗೃಹಸ್ಥರ ಅತಿಥಿಯಾಗಿ ಮೊದಲ ಸಂಜೆ ಮೇಜಿನ ಮುಂದೆ ಕುಳಿತು, ತಣ್ಣನೆಯ ಕರಿಬ್ರೆಡ್ಡು, ಚೀಸು, ಉಪ್ಪುನೀರಿನಲ್ಲಿ ಮಿಂದ ಸೌತೆಕಾಯಿಗಳನ್ನು ಊಟದ ಪೀಠಿಕೆಯೆಂದೇ ಭಾವಿಸಿ ಮಿತವಾಗಿ ಸೇವಿಸುತ್ತ, ಅನ್ನದ ಆಗಮನವನ್ನು ನಿರೀಕ್ಷಿಸುತ್ತಿರುವಷ್ಟರಲ್ಲಿ ಮನೆಯೊಡತಿಯು ಮೇಜನ್ನೊರೆಸಿಬಿಟ್ಟರೆ, ಆ ಜಠರದ ದುಃಖವನ್ನು ಯಾವ ಕವಿ ತಾನೆ ಬಣ್ಣಿಸಬಲ್ಲನು? ಆ ದೇಶದಲ್ಲಿ ಬಿಸಿಯೂಟದ ಮರ್ಯಾದೆಯು ಸಂಪ್ರದಾಯವಾಗಿ ಮಧ್ಯಾಹ್ನಕ್ಕೇ ಸಲ್ಲತಕ್ಕದ್ದು. ನಮ್ಮಲ್ಲಾದರೋ ಅತಿಥಿ ‘ಸಾಕು’ ಎಂದಮೇಲೆಯೇ ಬಡಿಸುವವರ ಉತ್ಸಾಹ ಆರಂಭ. ಅಲ್ಲಿ ಬೇಡವೆಂದರೆ ಬೇಡವೇ! ಸಂಕೋಚವೆಂಬ ನಮ್ಮ ಸದ್ಗುಣಕ್ಕೆ ಉಪವಾಸವೇ ಸಂಭಾವನೆ. ಭಾನುವಾರ ಏನಾದರೂ ಕೊಳ್ಳೋಣವೆಂದರೆ ಬಹುತೇಕ ಅಂಗಡಿಗಳಿಗೆ ಕಾಯಿದೆಯದೇ ಬೀಗ. ಆದುದರಿಂದ, ಪ್ರಯಾಣೋದ್ಯುಕ್ತರಾದ ತರುಣರೇ, ಹುರಿಹಿಟ್ಟಿನ ಗಂಟೊಂದನ್ನು ಮರೆಯದೆ ಒಯ್ಯಿರಿ. ‘ಇನ್ನೊಂದು ಚೂರು ಹಾಕಿ’ ಎಂಬುದನ್ನು ಜರ್ಮನ್ ಭಾಷೆಯಲ್ಲಿ ಮೊದಲು ಬಾಯಿಪಾಠ ಮಾಡಿರಿ.